ಹಿಂದಿನ ಸೀಟು

ಕುಟ್ಟದಲ್ಲಿ ಕರೆಂಟು ಇರುವ ಹೊತ್ತು ನೋಡಿಕೊಂಡು
ಬರುತ್ತಾರೆ ಚಿಟ್ಟಿಯಪ್ಪ, ನನ್ನ ಜೆರಾಕ್ಸ್ ಅಂಗಡಿಗೆ.
ಮೂವತ್ತೊಂದು ವರ್ಷ ನಾಣಚ್ಚಿ ಗೇಟಿನಿಂದ ಸಫಾರಿ ಜೀಪು ಓಡಿಸಿದ ಕೈ
ಕೌಂಟರಿನ ಮೇಲಿಟ್ಟರೂ ಗೇರು ಹುಡುಕುತ್ತದೆ.

"ಬರಿ ಮಗಳೇ, ಆಫ್ರಿಕಾಕ್ಕೆ."

ಆಫ್ರಿಕಾ ಅಂದರೆ ತಾಂಜಾನಿಯಾದ ಪಡುವಣ ಮೂಲೆ,
ರಸ್ತೆ ನೆಟ್ಟಗಿಲ್ಲದ ಒಂದು ಪಾರ್ಕು.
ಹೆಸರು ಅವರ ಬಾಯಲ್ಲೊಂದು, ನನ್ನ ಕೀಬೋರ್ಡಿನಲ್ಲೊಂದು.
ವಾರಕ್ಕೆರಡೇ ವಿಮಾನ, ಗೋಣಿಕೊಪ್ಪದ ಮಿನಿಬಸ್ಸಿಗಿಂತ ಸಣ್ಣದು.
ಹದಿನೈದೇ ಕಿಲೋ ಸಾಮಾನು, ಅದೂ ಮೆತ್ತನೆ ಚೀಲದಲ್ಲಿ.
ಕಾಡುಮಾವಿನ ಉಪ್ಪಿನಕಾಯಿ ಎಷ್ಟು ತೂಗುತ್ತದೆಂದು
ಎದುರಿನ ದಿನಸಿ ಅಂಗಡಿಗೆ ಹೋಗಿ ನೋಡಿ ಬಂದರು.

ಸೆಪ್ಟೆಂಬರ್ ಕೊನೆ ಒಳ್ಳೆಯದಂತೆ.
ಇಲ್ಲಿ ಕೈಲ್‌ಪೊಳ್ದ್ ಮುಗಿದು, ಒರೆಸಿದ ಕೋವಿ ಮತ್ತೆ ಮೂಲೆ ಸೇರಿ,
ಮಳೆ ಹೋಗಲೋ ನಿಲ್ಲಲೋ ಅನ್ನುವಾಗ
ಅಲ್ಲಿ ಹೊಳೆ ಬತ್ತಿ ಉಳಿದ ಒಂದು ಗುಂಡಿ ಕೆಸರಿಗೆ
ನೂರು ನೀರ್ಗುದುರೆ, ಬೆನ್ನಿಗೆ ಬೆನ್ನು ತಿಕ್ಕಿ ಜಗಳ.
"ಸಂತೆ ದಿನದ ಬಸ್ಸು," ಎಂದು ನಕ್ಕರು.

ಹಳದಿ ಜ್ವರದ ಸೂಜಿಗೆ ಬೆಂಗಳೂರಿಗೇ ಹೋಗಬೇಕು.
ಮೆಣಸು ಮಾರಿದ್ದು, ಪಿಎಫ್‌ನಲ್ಲಿ ಉಳಿದದ್ದು
ಮೂರು ಸಲ ಕೂಡಿದೆವು.
ಒಬ್ಬರೇ ಆದರೆ ದರ ಹೆಚ್ಚು, ಎಂದಿತ್ತು ಒಂದು ಸಾಲು.
ಓದಿ ಹೇಳಿದೆ. ಅವರು ಹೊರಗೆ ನಿಂತ ಮಾನಂದವಾಡಿ ಬಸ್ಸು ನೋಡುತ್ತಿದ್ದರು.
"ಒಬ್ಬ ಎಂದೇ ಬರಿ."

ಆಮೇಲೆ ಪ್ರಶ್ನೆಗಳು.
ಸಿಂಹ ಎಷ್ಟು, ಚಿರತೆ ಕಾಣುತ್ತದಾ, ಅಂಥದ್ದು ಒಂದೂ ಅಲ್ಲ.
ಜೀಪು ಓಡಿಸುವವನ ಹೆಸರೇನು?
ವಯಸ್ಸು?
ಸೊಂಟ ನೋಯುತ್ತದಾ?
ಊಟ ನಮ್ಮ ಜೊತೆಗಾ, ಆಮೇಲಾ?

ಉತ್ತರ ಬಂತು: ಟೆಂಟಿನ ಫೋಟೊ ನಾಲ್ಕು,
ಬಿಸಿನೀರಿನ ಸಮಯ, ಅಡ್ವಾನ್ಸಿನ ಮೊತ್ತ.
"ಇದಲ್ಲ," ಅಂದರು. ಮತ್ತೆ ಬರೆದೆ.
ಮತ್ತೆ ಟೆಂಟು.
ಮೂರನೇ ಸಲ, ಅವರು ಹೇಳದಿದ್ದರೂ, ನಾನೇ ಸೇರಿಸಿದೆ:
ಕೇಳುತ್ತಿರುವವರೂ ಡ್ರೈವರೇ.

ಒಮ್ಮೆ ಹೇಳಿದ್ದರು: "ಹುಲಿ ಕಂಡಿದ್ದೇನೆ, ಪೂರ್ತಿ ನೋಡಿಲ್ಲ.
ಒಂದು ಕಣ್ಣು ಕನ್ನಡಿಯಲ್ಲೇ,
ಯಾವ ಮಗು ಎದ್ದು ನಿಂತಿತು, ಯಾರ ಟೋಪಿ ಹಾರಿತು.
ಆನೆ ಕಿವಿ ಬಿಚ್ಚಿದರೆ ಎಲ್ಲರೂ ಆನೆ ನೋಡುತ್ತಾರೆ,
ನಾನು ರಿವರ್ಸಿಗೆ ಜಾಗ ನೋಡುತ್ತೇನೆ.
ಒಂದು ಸಲ ಹಿಂದೆ ಕೂರಬೇಕು, ಕೈ ಖಾಲಿ ಇಟ್ಟು."

ಇಲ್ಲೇ ಕೂರಬಹುದಲ್ಲ, ಅಂದೆ.
"ಇಲ್ಲಿ ಪ್ರತಿ ತಿರುವೂ ಗೊತ್ತು.
ಹಿಂದೆ ಕೂತರೂ ಕಾಲು ಬ್ರೇಕು ಒತ್ತುತ್ತದೆ."

ಇವತ್ತಿನ ಉತ್ತರ ಚಿಕ್ಕದು.
ಹೆಸರು ಓಬೆದಿ. ಐವತ್ತೆಂಟು. ಸೊಂಟ ನೋಯುತ್ತದೆ.
ಅತಿಥಿಗಳದ್ದು ಆದ ಮೇಲೆ, ಅಡುಗೆ ಟೆಂಟಿನ ಹಿಂದೆ ಊಟ.

ಚಿಟ್ಟಿಯಪ್ಪ ಕನ್ನಡಕ ತೆಗೆದು ಅಂಗಿ ತುದಿಯಲ್ಲಿ ಒರೆಸಿದರು,
ಒರೆಸುತ್ತಲೇ ಇದ್ದರು.
"ಅಡ್ವಾನ್ಸ್ ಕಳಿಸು.
ನನ್ನ ಊಟವೂ ಆಮೇಲೆ ಎಂದು ಬರಿ.
ಮತ್ತೆ..."

ಕರೆಂಟು ಹೋಯಿತು.
ಯುಪಿಎಸ್ ಕೀ ಕೀ ಅನ್ನುತ್ತಿದೆ, ಇನ್ನು ಮೂರು ನಿಮಿಷ.

"ಸೊಂಟಕ್ಕೆ ಹಚ್ಚುವ ಎಣ್ಣೆ,
ಆ ಹದಿನೈದು ಕಿಲೋದಲ್ಲೇ ಸೇರಿತಾ, ಕೇಳು."