ಗಾಳಿಕಡ್ಡಿ

ಶಿಲುಬೆಹಾದಿ ಮುಗಿದ ಶುಕ್ರವಾರ ಸಂಜೆ
ಫಾದರ್ ಗುರುತಿಟ್ಟ ಪುಟ ಓದಲು ನಿಂತೆ.
ಮೋಶೆ ಬೆಟ್ಟದಿಂದಿಳಿದು ಅಣ್ಣನನ್ನು ಕೇಳುತ್ತಾನೆ, ಏನಿದು?
ಆರೋನನ ನೆಪ:
ಜನ ಚಿನ್ನ ತಂದರು, ಬೆಂಕಿಗೆ ಹಾಕಿದೆ,
ಕರು ತಾನಾಗಿ ಆಚೆ ಬಂತು.

ನಕ್ಕುಬಿಟ್ಟೆ.
ಮೈಕು ಆನ್ ಇತ್ತು.
ಮೂರನೇ ಬೆಂಚಿನಿಂದ ಲೂರ್ದಮ್ಮ ಕಣ್ಣು ಬಿಟ್ಟಳು.

ಕ್ಷಮಿಸಿ. ಮೂವತ್ತೊಂದು ವರ್ಷ
ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ
ಅಚ್ಚು ಕಟ್ಟಿದವನು ನಾನು.
ಬೆಂಕಿಯಿಂದ ತಾನಾಗಿ ಬರುವುದು ಬೂದಿ ಒಂದೇ.
ಕರು ಬರಬೇಕಾದರೆ
ಮೊದಲು ಯಾರೋ ಮರದ ಕರು ಕೆತ್ತಬೇಕು,
ಮರಳಿಗೆ ಕಾಕಂಬಿ ಕಲಸಬೇಕು,
ಮಂಡಿಯೂರಿ ಮೂಲೆಮೂಲೆಗೂ ಒತ್ತಬೇಕು
ಕಿವಿಗೆ, ಗೊರಸಿಗೆ, ಬಾಲದ ಕುಚ್ಚಿಗೆ.
ಪೂಜೆ ಶುರುವಾಗುವ ಮೊದಲೇ
ಮಂಡಿಯೂರಿ ಆಗಿರುತ್ತದೆ, ನೋಡಿ.

ಆ ವಾರವೇ ಚರ್ಚಿನ ಗೇಟಿಗೆ ಫ್ಲೆಕ್ಸ್ ಕಟ್ಟಿದ್ದೆವು.
ನಮ್ಮ ಅಣ್ಣನ ಹುಟ್ಟುಹಬ್ಬ.
ಹನ್ನೆರಡಡಿ ಅಗಲ, ಬಿಳಿ ಅಂಗಿ, ಜೋಡಿಸಿದ ಕೈ,
ತಲೆಯ ಹಿಂದೆ ಬೆಳಕಿನ ಬಳೆ.
ಡಿಟಿಪಿ ಹುಡುಗ ಅದನ್ನು
ಸಂತ ಜೋಸೆಫರ ಹಬ್ಬದ ಕಾರ್ಡಿನಿಂದ ಎತ್ತಿ ಅಂಟಿಸಿದ್ದ.
ಕೆಳಗೆ ಅಂಚೆಚೀಟಿಯಷ್ಟು ನಮ್ಮೆಲ್ಲರ ಮುಖ.
ಎಡದಿಂದ ನಾಲ್ಕನೆಯವನು ನಾನು.
ಐನೂರು ರೂಪಾಯಿ ಕೊಟ್ಟಿದ್ದೆ.

ಅಣ್ಣನ ಋಣ ಸುಳ್ಳಲ್ಲ.
ಅಮ್ಮ ತೀರಿದ ದಿನ ಸ್ಮಶಾನದ ಗೇಟಿಗೆ
ಯಾರೋ ಹೊಸ ಬೀಗ ಜಡಿದಿದ್ದರು.
ಜಾಗ ನಿಮ್ಮದಲ್ಲ, ಕಾಗದ ತನ್ನಿ ಎಂದರು.
ಪೆಟ್ಟಿಗೆ ಇಳಿಸಲೂ ಆಗದೆ ಒಳಗೊಯ್ಯಲೂ ಆಗದೆ
ಎರಡು ಗಂಟೆ ಹೆಗಲು ಬದಲಿಸುತ್ತ ನಿಂತೆವು.
ಆಗ ಬಂದವನು ಅವನೊಬ್ಬನೇ,
ಹಳೇ ಸ್ಕೂಟರಿನಲ್ಲಿ, ಸರ್ವೆಯವನನ್ನು ಹಿಂದೆ ಕೂರಿಸಿಕೊಂಡು.
ಬೀಗ ಒಡೆಸಿದ. ಮೂರು ಹಿಡಿ ಮಣ್ಣು ಹಾಕಿ ಹೋದ.
ಅದನ್ನು ಮರೆತರೆ ತಿಂದ ಅನ್ನ ಮೈಗೆ ಹತ್ತುವುದಿಲ್ಲ.

ಆದರೆ ಕಳೆದ ವರ್ಷ
ನೀರಿನ ಟ್ಯಾಂಕಿನ ಲೆಕ್ಕ ಕೇಳಿದ ಇನ್ನಾಸಪ್ಪನ ಮಗನನ್ನು
ನಮ್ಮವರೇ ಗಾಯನ ತಂಡದಿಂದ ಬಿಡಿಸಿದರು.
ಅಣ್ಣ ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.
ಆ ಸಭೆಯಲ್ಲಿ ನಾನೂ ಇದ್ದೆ. ಕಾಫಿ ಕುಡಿದೆ.
ಮರಳು ಒತ್ತುವುದು ಹೀಗೆ.

ನಮ್ಮ ಕೆಲಸದಲ್ಲಿ ಒಂದು ಸಾಮಾನಿದೆ, ಗಾಳಿಕಡ್ಡಿ.
ಛತ್ರಿಯ ಕಡ್ಡಿಯಷ್ಟೇ ಸಪೂರ.
ಎರಕ ಹೊಯ್ಯುವ ಮುಂಚೆ ಅಚ್ಚಿನ ಮೈತುಂಬ ಚುಚ್ಚಬೇಕು,
ಒಳಗಿನ ಹಬೆಗೆ ಹೊರದಾರಿ.
ಚುಚ್ಚದೆ ಬಿಟ್ಟರೆ ಕಾದ ಕಬ್ಬಿಣ
ಹೊಯ್ದವನ ಮುಖಕ್ಕೇ ಸಿಡಿಯುತ್ತದೆ.
ರಾಯಪ್ಪನ ಎಡಗಣ್ಣು ಹೋದದ್ದು ಹಾಗೆ.
ಅಚ್ಚಿನ ಮೇಲೆ ದ್ವೇಷವಿದ್ದು ಯಾರೂ ಚುಚ್ಚುವುದಿಲ್ಲ.

ರಾತ್ರಿ ಏಣಿ ಹಾಕಿದೆ. ಬ್ಲೇಡು ಹಿಡಿದು
ಮುಖ ಮುಟ್ಟದೆ, ಹೆಸರು ಮುಟ್ಟದೆ,
ಬಳೆಯೊಂದನ್ನು ಬಿಡಿಸಿ ತೆಗೆದೆ.
ತೂತಿನಾಚೆ ಬೀದಿದೀಪ ಕಂಡಿತು,
ಅದರ ಸುತ್ತ ಹುಳ.

ಬೆಳಿಗ್ಗೆ ಸ್ಟ್ಯಾನಿ ಅಡ್ಡ ನಿಂತ:
"ಚೌರಪ್ಪ ಮಾಮ, ಆ ಕಡೆ ಸೇರಿದ್ರಾ?"
"ಇಲ್ಲ ಕಣೋ. ಓಟು ಅವನಿಗೇ."
"ಮತ್ಯಾಕೆ?"
"ಓಟು ಅವನಿಗೆ ಅಂತಲೇ."
ಹುಡುಗನಿಗೆ ಅರ್ಥವಾಗಲಿಲ್ಲ.
ನನಗೂ ಪೂರ್ತಿ ಬಾಯಿಗೆ ಬರಲಿಲ್ಲ.

ಇನ್ನಾಸಪ್ಪನ ಮನೆಗೆ ಇನ್ನೂ ಹೋಗಿಲ್ಲ.
ಆ ಏಣಿ ಇದಕ್ಕಿಂತ ಎತ್ತರ.

ಬೈಪಾಸಿನ ಗಾಳಿಗೆ ಬೀದಿಯ ಉಳಿದ ಫ್ಲೆಕ್ಸುಗಳೆಲ್ಲ
ಹಾಯಿಯಂತೆ ಉಬ್ಬಿ, ಭಾನುವಾರದೊಳಗೆ ಹರಿದವು.
ನಮ್ಮದು ನಿಂತಿತು.
ಸೋಮವಾರ ಅಣ್ಣನ ಕಾರು
ಗೇಟಿನೆದುರು ಒಂದು ಗಳಿಗೆ ನಿಧಾನವಾಯಿತು.
ನೋಡಿದನೋ, ನಕ್ಕನೋ, ಸಿಟ್ಟಾದನೋ.
ಕಪ್ಪು ಗಾಜು.
ಸ್ಕೂಟರಾಗಿದ್ದರೆ ಮುಖ ಕಾಣುತ್ತಿತ್ತು.