ಎಡದಿಂದ ನಾಕನೇದಾಕಿ

ನಾರಾಯಣ ಪೇಟಿನಾಗ ಒಂದು ಕಾಟಿನ ಬಾಡಿಗಿ
ನನ್ನವ್ವನ ಹತ್ತು ನೈಟಿನ ಪಗಾರ.
ಕಾಟಿನ ಕೆಳಗ ಟ್ರಂಕು, ಟ್ರಂಕಿನಾಗ ಗೆಜ್ಜಿ,
ಗೆಜ್ಜಿಗೆ ಸುತ್ತಿದ್ದು ಅವ್ವನ ಹಳೇ ಪಾರ್ಟಿನ ಸೀರಿ.
ಜರಿ ಸುಳ್ಳು, ಬಣ್ಣದ ಕಲಿ ಖರೇ.

ಮಾಲಕಿ ಸೋಹನಿ ಕಾಕು ಕೇಳಿದ್ದು ಎರಡೇ ಮಾತು:
ರಾತ್ರಿ ಎಷ್ಟಕ್ಕ ಬರ್ತಿ, ಬೆಳ್ಳುಳ್ಳಿ ತಿಂತಿ ಏನು.
ಎರಡಕ್ಕೂ ಅರ್ಧರ್ಧ ಸುಳ್ಳು ಹೇಳಿ ಕೀಲಿ ಇಸ್ಕೊಂಡೆ.
ಒಳಗಿನ ಖೋಲಿಯ ಕೀಲಿ ಅದು. ಗೇಟಿಂದು ಕಾಕುನ ಹತ್ರನ.

ತಾಲೀಮಿನ ಮೊದಲನೇ ದಿವಸ
ಓಗಲೆ ಮಾಸ್ತರು ಪೇಟಿ ಮ್ಯಾಲಿನ ಕಣ್ಣು ಎತ್ತದ
'ಸೂರು?' ಅಂದ್ರು.
'ಕರಿ ಎರಡು.'
ಏಳು ಹುಡುಗೇರು ಹೊಳ್ಳಿ ನೋಡಿದ್ರು.
'ಅಷ್ಟ್ಯಾಕ ಮ್ಯಾಲ, ಪೋರಿ? ಮೈಕು ಐತೆಲ್ಲ.'

ಆಮ್ಯಾಲ ಚ.
ನಮ್ಮ ಚ ನಾಲಿಗಿ ಅಂಗುಳಕ್ಕ ಹಚ್ಚಿ ಬಿಡೂದು,
ಇವರದು ಹಲ್ಲಿನ ಸಂದ್ಯಾಗಿಂದ ಸಿಡಿಯೂದು.
ಅದೂ ಎಲ್ಲಾ ಕಡೆ ಅಲ್ಲ ಮತ್ತ.
ಚಹಾಕ್ಕ ನಮ್ಮ ಚ ನಡೀತೈತಿ,
ಚಾಂದಣೆಗೆ, ಅಂದ್ರ ಬೆಳದಿಂಗಳಿಗೆ, ನಡೆಯಂಗಿಲ್ಲ.
ಹದಿನೈದು ದಿವಸ ನನ್ನ ಹಲ್ಲಾಗ
ಬೆಳದಿಂಗಳ ಸಿಕ್ಕೊಂಡಿತ್ತು.
ಮುಠಾ ದಂಡಿಮ್ಯಾಲ ಸಾಲಾಗಿ ನಿಂತ ಗಾಡಿಗಳ ನಡುವ
ಚಾಂದಣೆ ಚಾಂದಣೆ ಅಂತ ತಿರಗತಿದ್ದೆ.
ಪಾರ್ಕಿಂಗ್ ಚೀಟಿ ಹರಿಯೂ ಹುಡುಗ ತಿದ್ದಿದ,
ರೊಕ್ಕ ಕೇಳಲಿಲ್ಲ.

ಅವ್ವ ಕಲಿಸಿದ್ದು ಒಂದೇ ಪಾಠ:
ಮುಂದಿನ ಕುರ್ಚಿಯವರು ರೊಕ್ಕ ಕೊಟ್ಟು ಬಂದಿರ್ತಾರ,
ಹಿಂದ ತಗಡಿಗೆ ಬೆನ್ನು ಕೊಟ್ಟು ನಿಂತಾಂವ
ನಾಳಿನ ನಿದ್ದಿ ಕೊಟ್ಟು ಬಂದಿರ್ತಾನ.
ಮೊದಲ ಅವನ ಕಿವಿಗೆ ಮುಟ್ಟು.

ಇಲ್ಲೆ ಜ್ವಾಳದ ಕಾಳಿನಷ್ಟು ಮೈಕು,
ಗಲ್ಲಕ್ಕ ಟೇಪು, ಬೆನ್ನಿಗೆ ಡಬ್ಬಿ.
'ಗಂಟಲ ಇಳಸು. ಪಿಸುಗುಟ್ಟಿದ್ರೂ ಸಾಕು.'
ಇಳಿಸಿದೆ.
ತುಂಬಿದ ಕೊಡ ಇಳಿಸಿದ ಮ್ಯಾಲೂ
ನೆತ್ತಿಮ್ಯಾಲ ಸಿಂಬಿ ಇದ್ದಂಗ ಅನಸ್ತೈತೆಲ್ಲ, ಹಂಗ.

ಮೂರನೇ ನೈಟಿಗೆ
(ಇವರು ಪ್ರಯೋಗ ಅಂತಾರ, ನನ್ನ ಬಾಯಾಗ ಇನ್ನೂ ನೈಟು)
ಡಬ್ಬಿ ಹಗುರ ಅನಿಸ್ತು. ತಗದು ನೋಡಿದೆ.
ಸೆಲ್ಲಿಲ್ಲ.
ಸೌಂಡಿನ ಶಿರೀಷ ವಾಯರ್ ಸುತ್ತಿಕೋತ ಹೇಳಿದ:
'ಕೋರಸ್ಸಿನಾಗ ಮೂರು ಮಂದಿಗೆ ಅಷ್ಟ ಸೆಲ್ಲು.
ಉಳದವು, ಎಲ್ಲಾರೂ ಒಂದ ನಮೂನಿ ಕಾಣಲಿ ಅಂತ.'

ಅಂದ್ರ ಎರಡು ನೈಟು ನಾನು
ಪಿಸುಗುಟ್ಟಿದ್ದು ನನ್ನ ಗಲ್ಲದ ಟೇಪಿಗೆ.

ಸಿಟ್ಟು ಬರಬೇಕಿತ್ತು. ಹಸಿವಿ ಬಂತು.
ಇಂಟರ್ವಲ್ಲಿನಾಗ ಎರಡು ಬಟಾಟೆವಡೆ ತಿಂದೆ,
ಎಣ್ಣಿ ಗಂಟಲಕ್ಕ ವೈರಿ ಅನ್ನೂ ಅವ್ವನ ಮಾತು ಮೀರಿ.

ಎರಡನೇ ಅಂಕ. ಕೈಯಾಗ ಥರ್ಮಾಕೋಲಿನ ದೀಪ.
ನಾಯಕಿ ಮೊದಲನೇ ಸಾಲು ಬಿಟ್ಟಳು,
ನಾವು ಎತ್ತಿಕೋಬೇಕು.
ಬಾಲ್ಕನಿ ತುದಿಗೆ, ಕೈಯಾಗ ಬ್ಯಾಟರಿ ಹಿಡದ ಬಾಗಲಾಂವ
ಗ್ವಾಡಿಗೆ ಬೆನ್ನು ಕೊಟ್ಟು ನಿಂತಿದ್ದ.
ನನಗ ಅಷ್ಟ ಸಾಕಾಗಿತ್ತು.
ಚಾಂದಣೆ ಹಲ್ಲಿಂದ ಸಿಡೀತೋ ಅಂಗುಳದಿಂದ ಜಾರಿತೋ,
ಹೊಟ್ಟಿಯಿಂದ ಎದ್ದಿದ್ದು ಮಾತ್ರ ಗೊತ್ತು.
ಬ್ಯಾಟರಿ ಬೆಳಕು ಒಮ್ಮೆ ಸ್ಟೇಜಿನ ಕಡೆ ಹೊಳ್ಳಿತು.
ತಡಾ ಮಾಡಿ ಬಂದವರಿಗೆ ಕುರ್ಚಿ ತೋರ್ಸಾಕ ಇದ್ದೀತು.

ಆಟ ಮುಗದ ಮ್ಯಾಲ ಓಗಲೆ ಮಾಸ್ತರು ಪೇಟಿ ಮುಚ್ಚಿಕೋತ
'ಎಡದಿಂದ ನಾಕನೇದಾಕಿ, ಕಡಿಮಿ ಮಾಡು' ಅಂದ್ರು.
ಕಣ್ಣೆತ್ತಿ ಅಂದ್ರು.
ಕಡಿಮಿ ಮಾಡು ಅಂತ ಕೇಳಿಸಿದವರಿಗೆ ಅಷ್ಟ ಅಂತಾರೆಲ್ಲ
ಅಂತ ಪೂಲು ದಾಟೂತನ ಅದನ್ನ ತಿರಿವಿ ತಿರಿವಿ ನೋಡಿದೆ.

ಅವ್ವನ ಫೋನು. 'ತಗಡಿನ ತನಕ ಮುಟ್ಟಿತೇನ?'
'ಇಲ್ಲೆ ತಗಡಿಲ್ಲಬೇ.'
'ಏನರ ಇರ್ತೈತಿ' ಅಂದು, ಕೆಮ್ಮಿ, ಇಟ್ಟಳು.

ಹನ್ನೊಂದೂವರಿ. ಗೇಟಿಗೆ ಕೀಲಿ.
ಕಾಕು ಮಲಗೂದು ಮೂರನೇ ಮಾಳಿಗಿ, ಹಿಂದಿನ ಖೋಲಿ,
ಒಂದು ಕಿವಿ ಮಂದ.
ಓಣಿ ಮಲಗೈತಿ. ನಾಯಿ ಸೈತ.
ಒಮ್ಮೆ ಮೆತ್ತಗ ಕರದು ನೋಡಿದೆ, ಶಾಸ್ತ್ರಕ್ಕ.
ಆಮ್ಯಾಲ ಸೀರಿ ಸೆರಗು ನಡಕ್ಕ ಸಿಗಿಸಿ,
ಗೇಟಿನ ಸಳಿ ಹಿಡದು,
ಕರಿ ಎರಡು ಹುಡುಕಿದೆ.