ಫಲಾನುಭವಿಗಳ ಸಂಖ್ಯೆ

ಸಭಾಭವನದ ಹಿಂದಿನ ಕೋಣೆ, ಮಂಗಳವಾರ ಸಂಜೆ.
ನಾವು ಐದು ಜನ, ಒಂಬತ್ತು ಅರ್ಜಿ,
ಮೇಜಿನ ಮೇಲೆ ಬಿಸ್ಕತ್ತು, ಮೂಲೆಯಲ್ಲಿ ಬಕೆಟ್ಟು.
ಈ ಸೂರೂ ಸೋರುತ್ತದೆ.
ಆದರೆ ನಿಯಮ ನಾಲ್ಕು, ಉಪನಿಯಮ ಎರಡು:
ಹಂಚುವವರು ಕೂತ ಮಾಡಿಗೆ
ಹಂಚುವ ಹಣ ಸಲ್ಲದು.
ಟಪ್.

ಹಣ ಆಗ್ನೆಸ್ ಲಾರ್ವುಡ್ ಎಂಬಾಕೆಯದು.
ನಾರ್ಫಕ್ ಕರಾವಳಿಯ ಹೆರಿಂಗ್ ಮೀನು ವ್ಯಾಪಾರಿಯ ವಿಧವೆ,
ಸಾಯುವ ವಾರ ಉಯಿಲಿಗೆ ಒಂದು ಸಾಲು ಸೇರಿಸಿದಳು:
ಹತ್ತು ಮೈಲಿ ಸುತ್ತಿನಲ್ಲಿ
ಜನ ಕೂಡುವ ಯಾವ ಕಟ್ಟಡವೂ ಒಳಗೆ ನೆನೆಯಬಾರದು.
ದೋಣಿ ಮುಗಿದವು, ಮೀನು ಮುಗಿದವು,
ಬಡ್ಡಿಯೊಂದು ಇನ್ನೂ ಈಜುತ್ತಿದೆ.
ಈ ವರ್ಷ ಬಲೆಗೆ ಬಿದ್ದದ್ದು ಹನ್ನೊಂದು ಸಾವಿರದ ನಾನೂರು ಪೌಂಡು.
ಕೇಳಿದ್ದು ಎರಡು ಲಕ್ಷ ಎಂಟು ಸಾವಿರ.
ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ,
ಅದನ್ನೂ ಒಂಬತ್ತು ಲೋಟಕ್ಕೆ ಸುರಿಯಬೇಕು.

ಮೆಥಡಿಸ್ಟ್ ಚಾಪೆಲ್ಲಿಗೆ ಇಳಿಜಾರು ದಾರಿ,
ಸ್ಕೌಟ್ ಗುಡಿಸಲಿಗೆ ಬಾಯ್ಲರು,
ಹಳೆ ವಾಚನಾಲಯದ ಕಿಟಕಿಗೆ ಗಾಜು.
ಫಲಾನುಭವಿಗಳ ಸಂಖ್ಯೆ? ಎರಡು ಸಾವಿರ.
ಫಲಾನುಭವಿಗಳ ಸಂಖ್ಯೆ? ಮೂರೂವರೆ ಸಾವಿರ.
ಆ ಊರಿನಲ್ಲಿರುವುದೇ ಒಂಬೈನೂರು;
ದನಗಳನ್ನೂ ಎಣಿಸಿರಬೇಕು.

ಕೊನೆಯದು ವಿಗ್‌ಥೋರ್ಪಿನದು, ನೀಲಿ ಶಾಯಿಯಲ್ಲಿ.
ಬರೆದವಳು ಹೆಸ್ಟರ್ ಬುಲಿಮೋರ್, ಎಪ್ಪತ್ತೊಂಬತ್ತು,
ಚರ್ಚಿನ ಬೀಗದ ಕೈ ಆಕೆಯ ಏಪ್ರನ್ ಜೇಬಿನಲ್ಲಿರುತ್ತದೆ.
ಫಲಾನುಭವಿಗಳ ಸಂಖ್ಯೆ?
ಏಳು.
ಅದರ ಕೆಳಗೆ: ಚಳಿಗಾಲದಲ್ಲಿ ಐದು.
ಅಂಚಿನಲ್ಲಿ, ಜಾಗ ಸಾಲದೆ ಅಡ್ಡಡ್ಡ:
ಬಾವಲಿಗಳು ಇನ್ನೂರರ ಹತ್ತಿರ,
ಅವನ್ನು ಓಡಿಸಲು ಕಾನೂನು ಬಿಡುವುದಿಲ್ಲ.
ಫೆಬ್ರವರಿಯಲ್ಲಿ ಒಬ್ಬ ಲಾರಿ ಚಾಲಕ,
ಹಿಂದಿನ ಬೆಂಚಿನಲ್ಲಿ ಇಪ್ಪತ್ತು ನಿಮಿಷ ಕೂತು ಹೋದ.
ಯಾಕೆಂದು ನಾನು ಕೇಳಲಿಲ್ಲ.
ಅವನನ್ನು ಎಣಿಸಬಹುದೆ?

ಡೊರೀನ್ ಮಿಂಡಮ್ ಕನ್ನಡಕ ತೆಗೆದಳು.
ತಲೆಗೆ ನಾನೂರೈವತ್ತೇಳು ಪೌಂಡು ಬೀಳುತ್ತದೆ, ಎಂದಳು.
ಲೆಕ್ಕ ಸರಿಯಾಗಿಯೇ ಇತ್ತು.
ನಾನು ಫೋಟೋ ನೋಡುತ್ತಿದ್ದೆ.
ಉತ್ತರದ ಗೋಡೆ, ಹಸಿರು ಕಲೆ,
ಕಾಗೆಗೂಡಿನ ಕಡ್ಡಿ ಕಟ್ಟಿಕೊಂಡ ಮಳೆದೋಣಿ.
ನಲವತ್ತು ವರ್ಷ ನಲ್ಲಿ, ಸೀಸ, ಕೊಳವೆ ಎಂದು ಬದುಕಿದವನು;
ನಾನು ದೇವರನ್ನು ನಂಬುವುದಿಲ್ಲ,
ಇಳಿಜಾರನ್ನು ನಂಬುತ್ತೇನೆ.
ನೀರಿಗೆ ನೀವು ದಾರಿ ತೋರಿಸದಿದ್ದರೆ
ಅದೇ ಹುಡುಕಿಕೊಳ್ಳುತ್ತದೆ.
ಆರುನೂರು ವರ್ಷದ ಗೋಡೆ ಒಂದೇ ದಿನ ಬೀಳುವುದಿಲ್ಲ, ಅಂದೆ,
ಹನಿ ಹನಿ ಕೂಡಿದರೆ ಹಳ್ಳ,
ಹನಿ ಹನಿ ಕೂಡಿದರೇ ಹಾಳೂ.
ಯಾರೋ ಬಿಸ್ಕತ್ತು ಮುರಿದರು.
ಟಪ್.

ಮೂರಕ್ಕೆ ಎರಡು ಮತ.
ಗಂಟೆಗೋಪುರಕ್ಕಿಲ್ಲ, ನೆಲಹಾಸಿಗಿಲ್ಲ,
ಕಳ್ಳರು ಒಂದೇ ರಾತ್ರಿ ಸುಲಿದೊಯ್ದ ಸೀಸದ ಹೊದಿಕೆಗಿಲ್ಲ,
ಮಳೆದೋಣಿಗೆ ಮಾತ್ರ ಮೂರು ಸಾವಿರದ ಇನ್ನೂರು.

ಅಕ್ಟೋಬರಿನಲ್ಲಿ ಲಕೋಟೆ ಬಂತು.
ರಸೀದಿಗಳು ಪಿನ್ನು ಚುಚ್ಚಿ, ತಾರೀಖಿನ ಪ್ರಕಾರ,
ಜೊತೆಗೊಂದು ಚೆಕ್ಕು:
ಮೂವತ್ತೆಂಟು ಪೌಂಡು ಅರವತ್ತು ಪೆನ್ಸು.
ಉಳಿದದ್ದು, ಎಂದು ಬರೆದಿದ್ದಳು.
ಕೆಲಸದ ಪರಿಣಾಮವನ್ನು ಇನ್ನೂರು ಪದಗಳಲ್ಲಿ ವಿವರಿಸಿ,
ಎನ್ನುವಲ್ಲಿ:
ಗುರುವಾರ ಮಳೆ ಬಂತು. ಹೊರಗೇ ಹೋಯಿತು.
ಫಲಾನುಭವಿಗಳ ಸಂಖ್ಯೆ?
ಆರು. ಏಳನೆಯವರು ಈಗ ಹೊರಗೆ, ಯೂ ಮರದ ಬುಡದಲ್ಲಿ.
ಅವರು ನೆನೆದರೆ ಚಿಂತೆಯಿಲ್ಲ.

ಡೊರೀನ್ ಲೆಕ್ಕದ ಪುಸ್ತಕ ಮೊದಲಿಂದ ತಿರುವಿದಳು.
ಕೊಟ್ಟದ್ದಕ್ಕೆ ಒಂದು ಕಾಲಮ್ಮು, ಬಡ್ಡಿಗೊಂದು,
ಮರಳಿ ಬಂದದ್ದಕ್ಕೆ ಯಾರೂ ಗೆರೆ ಎಳೆದಿರಲಿಲ್ಲ.
ಪೆನ್ಸಿಲ್ ಚೀಪಿದಳು.
ಆಮೇಲೆ 'ಇತರೆ' ಎಂಬಲ್ಲಿ, ಸಣ್ಣಗೆ, ಬರೆದಳು.
ಬಕೆಟ್ಟು ತುಂಬಿತ್ತು.
ಸರದಿ ನನ್ನದಾಗಿರಲಿಲ್ಲ.
ಎತ್ತಿಕೊಂಡು ಹೋಗಿ
ಹೊರಗೆ ಚೆಲ್ಲಿ ಬಂದೆ.